ಭಾನುವಾರ ಕಳೆದರೂ ಇಳಿಯದ ಸುಸ್ತು: ತಾಳ್ಮೆಯ ಕಟ್ಟೆ ಒಡೆಯುವ ಮುಂಚಿನ ಗುರುತುಗಳು

ಸಂಜೆ ಏಳೂವರೆ. ಬೆಂಗಳೂರಿನ ಬನಶಂಕರಿ ಕಡೆಯ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟು. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಆಗಿದೆ, ಕೀ ತೆಗೆದೂ ಆಗಿದೆ, ಹೆಲ್ಮೆಟ್ ಮಾತ್ರ ಇನ್ನೂ ತಲೆಯ ಮೇಲೇ ಇದೆ. ಮೂರನೇ ಮಹಡಿಯಲ್ಲಿ ಮನೆ: ಮಗ, ಅತ್ತೆ, ಹೆಚ್ಚಬೇಕಾದ ಹುರುಳೀಕಾಯಿ. ಲಿಫ್ಟಿನ ಕಡೆ ಹೋಗಲು ಕಾಲು ಬರುತ್ತಿಲ್ಲ. ಆಕೆ ಮೊಬೈಲು ನೋಡುತ್ತಿಲ್ಲ, ಅಳುತ್ತಲೂ ಇಲ್ಲ, ಸೀಟಿನ ಮೇಲೆ ಸುಮ್ಮನೆ ಕೂತಿದ್ದಾರೆ. ಇಪ್ಪತ್ತು ನಿಮಿಷ. ಮರುದಿನವೂ ಹೀಗೇ, ಅದರ ಮರುದಿನವೂ. ಎಂಟನೇ ದಿನ ಮಗ ಹಾಲಿನ ಲೋಟ ಚೆಲ್ಲುತ್ತಾನೆ. ಆಕೆ ಪಕ್ಕದ ಮನೆಗೂ ಕೇಳುವಂತೆ ಕಿರುಚಿ, ಆಮೇಲೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಬಿಕ್ಕುತ್ತಾರೆ. ಮನೆಯವರ ಲೆಕ್ಕದಲ್ಲಿ ಎಲ್ಲ ಶುರುವಾದದ್ದು ಆ ಹಾಲಿನ ಲೋಟದಿಂದ.

ತಾಳ್ಮೆಯ ಕಟ್ಟೆ ಒಡೆಯಿತು ಎನ್ನುತ್ತೇವೆ. ಕೆರೆಗಳ ಊರಿನವರಿಗೆ ಆ ಮಾತಿನ ಪೂರ್ತಿ ಅರ್ಥ ಗೊತ್ತಿರಬೇಕು. ಏರಿ ಒಡೆಯುವ ಮುಂಚೆ ಅದರ ಬುಡದಲ್ಲಿ ಒದ್ದೆ ಕಾಣಿಸುತ್ತದೆ, ನೀರು ಜಿನುಗುತ್ತದೆ, ಜಿನುಗುವ ನೀರು ಒಂದು ದಿನ ಮಣ್ಣನ್ನೂ ಹೊತ್ತು ಬರತೊಡಗುತ್ತದೆ. ಏರಿಯ ಮೇಲೆ ನಡೆದುಹೋಗುವವರಿಗೆ ಇದ್ಯಾವುದೂ ಕಾಣುವುದಿಲ್ಲ. ಕೆಳಗಿಳಿದು ನೋಡುವ ನೀರಗಂಟಿಗೆ ಕಾಣುತ್ತದೆ. ಮನಸ್ಸಿನ ವಿಷಯದಲ್ಲಿ ಆ ಒದ್ದೆ ಯಾವುದು, ಎಲ್ಲಿ ನೋಡಬೇಕು, ಕಂಡರೆ ಏನು ಮಾಡಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಎಲ್ಲರೂ ನೋಡುವುದು ಭಾರವನ್ನು: ಎಷ್ಟು ಗಂಟೆ ಕೆಲಸ, ಎಷ್ಟು ಸಾಲ, ಮನೆಯಲ್ಲಿ ಎಷ್ಟು ಜನಕ್ಕೆ ಹುಷಾರಿಲ್ಲ. ಭಾರದಿಂದ ಏನೂ ಖಚಿತವಾಗಿ ತಿಳಿಯುವುದಿಲ್ಲ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ದಿನದ ಟಾರ್ಗೆಟ್ ಮುಗಿಸಿ, ಬಸ್ಸಿನಲ್ಲಿ ಒಂದೂವರೆ ಗಂಟೆ ನಿಂತು ಮನೆಗೆ ಬಂದು ನಗುನಗುತ್ತಾ ಮುದ್ದೆ ತಿರುವುವವರಿದ್ದಾರೆ. ಅದರ ಅರ್ಧದಷ್ಟೂ ಕೆಲಸವಿಲ್ಲದೆ ಕುಸಿಯುವವರೂ ಇದ್ದಾರೆ. ನೋಡಬೇಕಾದ್ದು ಭಾರ ಇಳಿಸಿದ ಮೇಲೆ ಸುಸ್ತು ಇಳಿಯುತ್ತದೆಯೇ ಎಂಬುದನ್ನು. ಮೊದಲೆಲ್ಲ ಒಂದು ರಾತ್ರಿಯ ನಿದ್ದೆಗೆ ಹೋಗುತ್ತಿದ್ದ ಆಯಾಸ ಈಗ ಎರಡು ದಿನ ರಜೆ ಹಾಕಿದರೂ ಹೋಗುತ್ತಿಲ್ಲ, ಭಾನುವಾರ ಸಂಜೆಗೂ ಶುಕ್ರವಾರದಷ್ಟೇ ಸುಸ್ತಿದೆ ಎಂದಾದರೆ, ಒದ್ದೆ ಕಾಣಿಸಿಕೊಂಡಿದೆ ಎಂದೇ ಲೆಕ್ಕ. ಮುಂದೆ ಹೇಳುವ ಗುರುತುಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇದರ ಕವಲುಗಳೇ.

ಒಳಗೆ ಆಗುವುದೇನು

ಅಪಾಯ ಎನಿಸಿದ ಕೂಡಲೆ ಅಡ್ರಿನಲಿನ್ ಎಂಬ ಹಾರ್ಮೋನು ಸೆಕೆಂಡುಗಳಲ್ಲಿ ಎದೆ ಬಡಿತ ಏರಿಸುತ್ತದೆ. ಕೆಲವು ನಿಮಿಷಗಳ ನಂತರ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಬಂದು ರಕ್ತಕ್ಕೆ ಸಕ್ಕರೆ ಹರಿಸಿ, ಜೀರ್ಣದಂತಹ ಕೆಲಸಗಳನ್ನು ಪಕ್ಕಕ್ಕಿಡುತ್ತದೆ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಇದು ವರ. ನಾಯಿ ಹೋಯಿತು, ಅರ್ಧ ಗಂಟೆ, ಒಂದು ಗಂಟೆಯಲ್ಲಿ ಎಲ್ಲ ಮೊದಲಿನ ಸ್ಥಿತಿಗೆ. ಆದರೆ ಬಾಸ್‌ನ ಮೆಸೇಜಿಗೂ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೂ ದೇಹ ಇದೇ ಔಷಧ ಸುರಿಸುತ್ತದೆ, ಮತ್ತು ಅವು ನಾಯಿಯ ಹಾಗೆ ಓಡಿಹೋಗುವುದಿಲ್ಲ.

ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಿಂದ ಇದನ್ನು ಅಭ್ಯಾಸ ಮಾಡುತ್ತಾ ಮೂರು ಹಂತ ಗುರುತಿಸಿದ: ಗಾಬರಿ, ತಡೆದು ನಿಲ್ಲುವುದು, ಬರಿದಾಗುವುದು. ಹಾರ್ಮೋನುಗಳ ವಿವರದಲ್ಲಿ ಈಚಿನ ವಿಜ್ಞಾನ ಬಹಳ ಮುಂದೆ ಹೋಗಿದೆ, ಆದರೆ ಆ ಎರಡನೇ ಹಂತದ ಬಗ್ಗೆ ಆತ ಹೇಳಿದ್ದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ತಡೆದು ನಿಂತವರು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಾರೆ. ಕೆಲಸ ಮುಗಿಯುತ್ತಿರುತ್ತದೆ, ಮಾತು ಚುರುಕಾಗಿರುತ್ತದೆ, ಕಂಪನಿಯಲ್ಲಿ ಶಹಬ್ಬಾಸ್ ಸಿಗುತ್ತದೆ. ಈ ಊರು ಮೆಚ್ಚಿಕೊಳ್ಳುವುದು ಈ ಹಂತದಲ್ಲಿರುವವರನ್ನೇ ಅನ್ನಿಸುವುದೂ ಉಂಟು.

ಒತ್ತಡ ಏರಿದಾಗ ಹಣೆಯ ಹಿಂಬದಿಯ ಮಿದುಳಿನ ಭಾಗ ಸೋಲತೊಡಗುತ್ತದೆ. ‘ಸ್ವಲ್ಪ ತಡಿ, ಯೋಚಿಸಿ ಮಾತಾಡು’ ಎಂದು ನಮ್ಮನ್ನು ಹಿಡಿದು ನಿಲ್ಲಿಸುವುದು ಆ ಭಾಗವೇ. ನಿದ್ದೆ ಕೆಟ್ಟರೆ ಅದು ಇನ್ನೂ ಬೇಗ ಸೋಲುತ್ತದೆ. 17ರಿಂದ 19 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ 0.05ರಷ್ಟು ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿದಿರುತ್ತದೆ. ಅಮೆರಿಕದ ಆಫೀಸಿನ ಜೊತೆ ರಾತ್ರಿ ಕಾಲ್‌ನಲ್ಲಿ ಕೂರುವವರನ್ನು ನೋಡಿ: ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 9 ಎಂದರೆ ಇಲ್ಲಿ ರಾತ್ರಿ 9.30, ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕಿಟ್ಟ ಮೇಲೆ 10.30. ಮಗುವಿನ ಸ್ಕೂಲ್ ವ್ಯಾನಿಗೆಂದು ಬೆಳಿಗ್ಗೆ 5.30ಕ್ಕೆ ಎದ್ದವರು ಆ 10.30ರ ಕಾಲ್‌ನಲ್ಲಿ ಕೂರುವಾಗ 17 ಗಂಟೆ ಆಗಿಯೇ ಹೋಗಿರುತ್ತದೆ. ಆ ಹೊತ್ತಿನಲ್ಲಿ ಯಾರೋ ಒಂದು ಮಾತು ಅಂದರೆ ಸಿಡಿಯುವುದು ಸ್ವಭಾವದ ದೋಷವೇ ಆಗಿರಬೇಕಿಲ್ಲ.

ಒದ್ದೆ ಕಾಣುವ ಜಾಗಗಳು

ಮೊದಲು ಕೆಡುವುದು ಸಾಮಾನ್ಯವಾಗಿ ನಿದ್ದೆ. ಹೇಗೆ ಕೆಟ್ಟಿದೆ ಎಂಬುದನ್ನೂ ಗಮನಿಸಿ. ಹಾಸಿಗೆಗೆ ಬಿದ್ದು ಒಂದು ಗಂಟೆಯಾದರೂ ತಲೆಯೊಳಗೆ ನಾಳೆಯ ಪಟ್ಟಿ ಓಡುತ್ತಿದ್ದರೆ ಅದು ಹೆಚ್ಚಾಗಿ ಆತಂಕದ ಲಕ್ಷಣ. ನಿದ್ದೆ ಬಂದು, ಮೂರು ಅಥವಾ ನಾಲ್ಕಕ್ಕೆ ಎಚ್ಚರವಾಗಿ, ಮತ್ತೆ ಹತ್ತದೆ, ಆ ಹೊತ್ತಿನಲ್ಲಿ ಎಲ್ಲವೂ ಕತ್ತಲೆ ಎನಿಸುವುದು ಖಿನ್ನತೆಯಲ್ಲಿ ಹೆಚ್ಚು. ಹತ್ತು ಗಂಟೆ ಮಲಗಿಯೂ ಏಳಲಾಗದಿರುವುದೂ ಇದೇ ಸಾಲಿಗೆ ಸೇರುತ್ತದೆ. ರಾತ್ರಿ ಎರಡು ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಎನ್ನುವವರಿಗೆ ಒಂದು ಮಾತು: ಬರುವುದು ನಿಜ. ಮದ್ಯದ ಅಮಲು ಇಳಿಯುತ್ತಿದ್ದಂತೆ ಮಿದುಳು ಪುಟಿದೇಳುವುದರಿಂದ ಆ ಮೂರು ಗಂಟೆಯ ಎಚ್ಚರ ಇನ್ನೂ ಖಾತ್ರಿಯಾಗುತ್ತದೆ.

ಸಿಟ್ಟಿಗೂ ಒಂದು ದಾರಿಯಿದೆ. ಮೊದಲು ಅದು ಹೊರಬೀಳುವುದು ತಿರುಗಿ ಬೀಳದವರ ಮೇಲೆ: ಮಕ್ಕಳು, ಅಮ್ಮ, ಕಟ್ಟಿಕೊಂಡವರು. ಆಮೇಲೆ ಸೆಕ್ಯೂರಿಟಿಯವರ ಮೇಲೆ, ಆಟೋದವರ ಮೇಲೆ, ಪಾರ್ಸೆಲ್ ತಂದ ಹುಡುಗನ ಮೇಲೆ. ಕೊನೆಗೆ ಕೆಲಸಕ್ಕೇ ಕುತ್ತು ತರಬಲ್ಲವರ ಮೇಲೆ. ಮೀಟಿಂಗಿನಲ್ಲಿ ದನಿ ಏರಿತು ಎಂದರೆ ಮನೆಯಲ್ಲಿ ಅದು ಏರಿ ಬಹಳ ದಿನವಾಗಿರುತ್ತದೆ. ಮನೆಯವರನ್ನು ಕೇಳಿದರೆ ತಾರೀಖು ಸಮೇತ ಹೇಳುತ್ತಾರೆ, ಕೇಳುವ ಧೈರ್ಯ ಬೇಕು ಅಷ್ಟೇ.

ಮೂರನೆಯದು ಸಣ್ಣ ಕೆಲಸಗಳು. ದೊಡ್ಡ ಕೆಲಸಗಳನ್ನು ಭಯವೇ ಮಾಡಿಸಿಬಿಡುತ್ತದೆ, ಪ್ರೆಸೆಂಟೇಷನ್ ತಪ್ಪುವುದಿಲ್ಲ. ತಪ್ಪುವುದು ಬೆಸ್ಕಾಂ ಬಿಲ್ಲು, ಒಗೆದು ಒಣಗಿದರೂ ಮಡಚದೆ ಕುರ್ಚಿಯ ಮೇಲೆ ಗುಡ್ಡೆ ಬಿದ್ದ ಬಟ್ಟೆ, ಗೆಳತಿಗೆ ವಾಪಸ್ ಮಾಡಬೇಕಾದ ಫೋನು. ಹಾಲು ಒಲೆಯ ಮೇಲಿಟ್ಟದ್ದು ಮರೆತು ಪಾತ್ರೆ ಸೀದುಹೋಗುತ್ತದೆ. ಒಂದೇ ಮೇಲ್ ನಾಲ್ಕು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ಐದು ವರ್ಷದಿಂದ ಓಡಾಡುವ ರಸ್ತೆಯಲ್ಲಿ ತಿರುವು ತಪ್ಪುತ್ತದೆ. ಇದನ್ನು ಸೋಮಾರಿತನ ಎಂದು ಬೈದುಕೊಳ್ಳುವವರೇ ಹೆಚ್ಚು. ಹಾಗೆ ಬೈದುಕೊಳ್ಳುವುದು ಭಾರದ ಮೇಲೆ ಇನ್ನೊಂದು ಮೂಟೆ.

ಇನ್ನು ದೇಹ. ನಮ್ಮ ಭಾಷೆಗೆ ಇದು ಮೊದಲಿಂದ ಗೊತ್ತು: ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಸೋಲುತ್ತೆ, ತಲೆ ಹಿಡಿದಂತಾಗುತ್ತೆ. ನಮ್ಮ ಕಡೆ ಎಷ್ಟೋ ಜನ ‘ಬೇಜಾರು’ ಎಂದು ಡಾಕ್ಟರ ಹತ್ತಿರ ಹೋಗುವುದಿಲ್ಲ, ಗ್ಯಾಸ್ ಎಂದು ಹೋಗುತ್ತಾರೆ. ಆಫೀಸಿಗೆ ಹೊರಡುವ ಮುಂಚೆ ಎರಡೆರಡು ಸಲ ಟಾಯ್ಲೆಟ್ಟು, ರಜೆಯ ದಿನ ಅದರ ಸುಳಿವೇ ಇಲ್ಲ, ಬೆಳಿಗ್ಗೆ ಎದ್ದಾಗ ದವಡೆ ನೋವು, ರಾತ್ರಿಯೆಲ್ಲ ಹಲ್ಲು ಕಚ್ಚಿದ್ದರ ಫಲ, ಕತ್ತು ಮತ್ತು ಭುಜ ಕಲ್ಲಿನಂತೆ, ಮುಟ್ಟು ಹಿಂದುಮುಂದು. ಒಂದು ಎಚ್ಚರಿಕೆ ಮಾತ್ರ ಖಡಾಖಂಡಿತ. ಮೊದಲ ಸಲ ಎದೆನೋವು, ಬೆವರು, ಉಸಿರಾಟದ ಕಷ್ಟ ಬಂದರೆ ಅದನ್ನು ಟೆನ್ಷನ್ ಎಂದು ನೀವೇ ತೀರ್ಮಾನಿಸಬೇಡಿ. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಏರಿ ಆಮೇಲೆ ಇಳಿಯುತ್ತದೆ, ನಿಜ. ಆದರೂ ಇಸಿಜಿ ಆಗುವವರೆಗೆ ಅದು ಹೃದಯದ ತೊಂದರೆ ಎಂದೇ ಭಾವಿಸಿ 108ಕ್ಕೆ ಕರೆ ಮಾಡಿ.

ಅದೇ ರೀತಿ, ಮನಸ್ಸಿನದು ಎನಿಸುವ ಸುಸ್ತು ರಕ್ತದ್ದೂ ಆಗಿರಬಹುದು. ಥೈರಾಯ್ಡ್ ಕಡಿಮೆಯಿದ್ದರೆ, ಹಿಮೋಗ್ಲೋಬಿನ್ ಇಳಿದಿದ್ದರೆ, ಸಸ್ಯಾಹಾರಿಗಳಲ್ಲಿ ಸಾಮಾನ್ಯವಾದ ಬಿ12 ಕೊರತೆಯಿದ್ದರೆ ಥೇಟ್ ಹೀಗೇ ಕಾಣುತ್ತದೆ. ಸಿಬಿಸಿ (ರಕ್ತಕಣಗಳ ಎಣಿಕೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಸಕ್ಕರೆ, ಈ ನಾಲ್ಕನ್ನು ಒಮ್ಮೆ ನೋಡಿಸಿಬಿಡುವುದು ವಾಸಿ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಗುರುತು ಮೌನ. ಎರಡು ತಿಂಗಳಿಂದ ರೇಗುತ್ತಿದ್ದವರು ಇದ್ದಕ್ಕಿದ್ದಂತೆ ತಣ್ಣಗಾಗುತ್ತಾರೆ. ಮನೆಯವರು ಸದ್ಯ ಸರಿಹೋಯಿತು ಎಂದುಕೊಳ್ಳುತ್ತಾರೆ. ಮಗನ ಮಾರ್ಕ್ಸ್ ಕಾರ್ಡು ನೋಡಿದರೂ ಖುಷಿಯಿಲ್ಲ, ಬೈದರೂ ಬೇಸರವಿಲ್ಲ, ಇಷ್ಟದ ಅವರೆಕಾಳು ಉಪ್ಪಿಟ್ಟಿಗೂ ರುಚಿಯಿಲ್ಲ. ಎಲ್ಲವನ್ನೂ ಗಾಜಿನ ಆಚೆಯಿಂದ ನೋಡಿದ ಹಾಗೆ. ಸಿಟ್ಟು ಬರುವವರೆಗೆ ಏನೋ ಬೇಕು ಎಂಬ ಆಸೆ ಒಳಗಿತ್ತು. ಈಗ ಅದೂ ಸುಸ್ತಾಗಿದೆ. ಬೇಸ್‌ಮೆಂಟಿನ ಆ ಇಪ್ಪತ್ತು ನಿಮಿಷ ಇಂಥ ಮೌನದ್ದೇ.

ಇದರ ಜೊತೆಗೆ ಬರುವ ಒಂದು ಯೋಚನೆಯನ್ನು ಜನ ಯಾರಿಗೂ ಹೇಳುವುದಿಲ್ಲ: ‘ಒಂದು ಸಣ್ಣ ಆ್ಯಕ್ಸಿಡೆಂಟ್ ಆದ್ರೆ ಚೆನ್ನಾಗಿರುತ್ತೆ, ಒಂದು ವಾರ ಆಸ್ಪತ್ರೆಯಲ್ಲಿ ಮಲಗಬಹುದು, ಯಾರೂ ಏನೂ ಕೇಳಲ್ಲ.’ ಸಾಯುವ ಆಸೆ ಇದರಲ್ಲಿಲ್ಲ. ಕಾಲು ಮುರಿಯದೆ ತನಗೆ ರಜೆ ಸಿಗುವುದಿಲ್ಲ ಎಂದು ಮನಸ್ಸು ನಂಬಿಬಿಟ್ಟಿದೆ, ಅಷ್ಟು. ಆದರೆ ಇಲ್ಲಿಂದ ‘ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ’ ಎಂಬಲ್ಲಿಗೆ ದಾರಿ ಬಹಳ ದೂರವಿಲ್ಲ. ಆ ಎರಡನೆಯ ಮಾತು ಮನಸ್ಸಿನಲ್ಲಿ ಬಂದ ದಿನವೇ ಯಾರಿಗಾದರೂ ಹೇಳಬೇಕು. ವಾರ ಕಾಯುವ ವಿಷಯ ಅದಲ್ಲ.

ಅಳತೆ ಹಾಕುವ ಬಗೆ

ಬೇರೆಯವರ ಜೊತೆ ಹೋಲಿಸಿಕೊಂಡರೆ ಏನೂ ತಿಳಿಯುವುದಿಲ್ಲ; ಹೋಲಿಕೆ ಮೂರು ತಿಂಗಳ ಹಿಂದಿನ ನಿಮ್ಮ ಜೊತೆಗೇ ಇರಲಿ. ಒಂದು ಪುಟ್ಟ ನೋಟ್‌ಬುಕ್ ಸಾಕು. ರಾತ್ರಿ ಲೈಟ್ ಆರಿಸುವ ಮುಂಚೆ ಐದು ಅಂಕಿ ಬರೆಯಿರಿ: ನಿದ್ದೆ, ಮೈನೋವು ಅಥವಾ ಹೊಟ್ಟೆ, ಸಿಡುಕು, ಮುಂದೂಡಿದ ಕೆಲಸ, ಖುಷಿ ಇಲ್ಲದಿರುವುದು. ತೊಂದರೆ ಇಲ್ಲದಿದ್ದರೆ 0, ಸ್ವಲ್ಪ ಇದ್ದರೆ 1, ಬಹಳ ಇದ್ದರೆ 2, ದಿನವನ್ನೇ ಕೆಡಿಸಿದ್ದರೆ 3. ಒಟ್ಟು 15ಕ್ಕೆ. ಎರಡು ವಾರ ಬರೆಯಿರಿ, ಒಂದು ನಿಮಿಷದ ಕೆಲಸ. ಇದು ವೈದ್ಯಕೀಯ ಪರೀಕ್ಷೆಯಲ್ಲ, ಮನೆಯ ಲೆಕ್ಕ. ಶುಕ್ರವಾರದ ಮೊತ್ತವನ್ನೂ ಭಾನುವಾರದ ಮೊತ್ತವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಶುಕ್ರವಾರ 9 ಇದ್ದದ್ದು ಭಾನುವಾರ 4ಕ್ಕೆ ಇಳಿದರೆ ಭಾರ ಹೆಚ್ಚಿದೆ, ಆದರೆ ತೂಬು ತೆರೆಯುತ್ತಿದೆ. 9 ಇದ್ದದ್ದು 9ರಲ್ಲೇ ನಿಂತಿದ್ದರೆ, ಅದೂ ಎರಡು ವಾರ ಸತತವಾಗಿ, ತೂಬು ಮುಚ್ಚಿಕೊಂಡಿದೆ. ಶನಿವಾರವೂ ದುಡಿಯುವವರು, ಶಿಫ್ಟಿನವರು ತಮ್ಮ ವಾರದ ರಜೆಯ ಹಿಂದಿನ ದಿನ ಮತ್ತು ರಜೆಯ ದಿನ ನೋಡಿಕೊಳ್ಳಬಹುದು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ರಜೆಯೇ ಇಲ್ಲವಲ್ಲ ಎಂದರೆ, ಆ ಇಲ್ಲದಿರುವುದೇ ಮೊದಲು ಬರೆದಿಡಬೇಕಾದ ವಿಷಯ.

ವೈದ್ಯರು ಬಳಸುವ ಅಳತೆಯೂ ಒಂದಿದೆ, ಪಿಎಚ್‌ಕ್ಯೂ-9. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದೊಂದಕ್ಕೆ ಸೊನ್ನೆ ಬಿಟ್ಟು ಬೇರೇನು ಬಂದರೂ ಮೊತ್ತ ಎಷ್ಟೆಂದು ನೋಡುತ್ತಾ ಕೂರುವಂತಿಲ್ಲ.

ಬರ್ನ್‌ಔಟ್ ಎಂಬ ಪದ ಈಗ ಎಲ್ಲರ ಬಾಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ವಿವರಿಸಿದಾಗ ಕಾಯಿಲೆ ಎನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು: ಬಳಲಿಕೆ, ಕೆಲಸದ ಬಗ್ಗೆ ಅಸಡ್ಡೆ, ತನ್ನ ಕೈಲಾಗುತ್ತಿಲ್ಲ ಎಂಬ ಭಾವ. ಕೆಲಸದಿಂದ ದೂರವಾದಾಗ ಅದು ಬಹಳಷ್ಟು ಹಗುರಾಗುತ್ತದೆ. ಖಿನ್ನತೆ ಊರಿಗೂ ಜೊತೆಗೆ ಬರುತ್ತದೆ, ಹಬ್ಬಕ್ಕೂ ಬರುತ್ತದೆ.

ಆ ಹೊತ್ತಿಗೆ ಏನು ಮಾಡುವುದು

ಈಗಲೋ ಆಗಲೋ ಸಿಡಿಯುತ್ತೇನೆ ಎನಿಸಿದಾಗ ಮೊದಲು ಜಾಗ ಬಿಡಿ. ಬಾಲ್ಕನಿಯೋ ಮೆಟ್ಟಿಲೋ, ಎಲ್ಲಾದರೂ ಕೂತು ಎರಡೂ ಪಾದ ನೆಲಕ್ಕೂರಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರಾಗುತ್ತದೆ. ಐದು ನಿಮಿಷ ಮಾಡಿ. ಉಸಿರು ಬಿಡುವಾಗ ವೇಗಸ್ ನರ ಎದೆಬಡಿತವನ್ನು ನಿಧಾನ ಮಾಡುತ್ತದೆ, ಅದಕ್ಕೇ ಬಿಡುವುದು ಉದ್ದವಿರಬೇಕು. ಜನ ತಪ್ಪುವುದು ಇಲ್ಲೇ: ಜೋರಾಗಿ, ಆಳವಾಗಿ ಎಳೆದುಕೊಳ್ಳಲು ಹೋಗುತ್ತಾರೆ, ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತಿ, ಬೆರಳು ಜೋಮು ಹಿಡಿದು ಗಾಬರಿ ಇಮ್ಮಡಿಯಾಗುತ್ತದೆ.

ಆಮೇಲೆ ಕೊನೆಯ ಸಲ ಊಟ ಮಾಡಿದ್ದು ಯಾವಾಗ ಎಂದು ಕೇಳಿಕೊಳ್ಳಿ. ಮಧ್ಯಾಹ್ನ ತಪ್ಪಿದ್ದರೆ ಎರಡು ತುತ್ತು ಮೊಸರನ್ನ, ಒಂದು ಬಾಳೆಹಣ್ಣು. ಹಾಸ್ಯವಲ್ಲ, ಹಸಿವಿನ ಸಿಟ್ಟು ಬೇರೆ ಸಿಟ್ಟಿನ ಮೇಲೆ ಕೂತಿರುತ್ತದೆ. ಇಪ್ಪತ್ನಾಲ್ಕು ಗಂಟೆ ಯಾವ ನಿರ್ಧಾರವೂ ಬೇಡ. ರಾಜೀನಾಮೆ ಪತ್ರ ಬರೆಯಿರಿ ಬೇಕಾದರೆ, ಡ್ರಾಫ್ಟಿನಲ್ಲೇ ಇರಲಿ. ಫ್ಯಾಮಿಲಿ ಗ್ರೂಪಿನ ಉದ್ದ ಮೆಸೇಜಿಗೂ ಇದೇ ನಿಯಮ.

ಒಬ್ಬರಿಗೆ ಒಂದು ವಾಕ್ಯ ಹೇಳಿ. ಮನೆಯಲ್ಲಾದರೆ: ‘ಅತ್ತೆ, ನನಗೆ ಈಗ ಮಾತಾಡೋಕಾಗ್ತಿಲ್ಲ, ಸಿಟ್ಟು ನಿಮ್ಮ ಮೇಲಲ್ಲ, ಅರ್ಧ ಗಂಟೆ ಬಿಟ್ಟು ಬರ್ತೀನಿ.’ ಆ ಅರ್ಧ ಗಂಟೆ ಎಂಬ ಅಳತೆ ಮುಖ್ಯ, ಇಲ್ಲದಿದ್ದರೆ ಮುನಿಸು ಎಂದಾಗುತ್ತದೆ. ಆಫೀಸಿನಲ್ಲಿ ‘ತುಂಬಾ ಸ್ಟ್ರೆಸ್ ಸರ್’ ಎಂದರೆ ಸಿಗುವ ಉತ್ತರ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’. ಅದರ ಬದಲು: ‘ಈ ವಾರ ನನ್ನ ಹತ್ರ ಮೂರು ಕೆಲಸ ಇದೆ ಸರ್, ಎರಡು ಮುಗಿಸ್ತೀನಿ. ಮೂರನೇದು ಯಾವುದು ಬಿಡಲಿ, ನೀವೇ ಹೇಳಿ.’

ಮುಂದಿನ ಎರಡು ವಾರ ಏಳುವ ಸಮಯ ಒಂದೇ ಇರಲಿ, ಭಾನುವಾರವೂ ಹೆಚ್ಚೆಂದರೆ ಒಂದು ಗಂಟೆ ಆಚೀಚೆ. ಭಾನುವಾರ ಹನ್ನೊಂದರವರೆಗೆ ಮಲಗಿದರೆ ರಾತ್ರಿ ನಿದ್ದೆ ಬಾರದು, ಸೋಮವಾರ ಹಾಳು. ಕೆಫೀನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಬೈಟು ಕಾಫಿಯ ಅರ್ಧ ಭಾಗ ರಾತ್ರಿ ಹನ್ನೊಂದಕ್ಕೂ ಒಳಗೇ ಕೂತಿರುತ್ತದೆ. ಮಧ್ಯಾಹ್ನ ಎರಡರ ಮೇಲೆ ಬಿಟ್ಟು ನೋಡಿ. ಲಾಂಗ್ ವೀಕೆಂಡಿಗೆ ಚಿಕ್ಕಮಗಳೂರಿಗೆ ಹೋಗಿಬಂದರೆ ಸರಿಹೋಗುತ್ತದೆ ಎಂಬ ನಂಬಿಕೆಯ ಬಗ್ಗೆ ನಮಗೆ ಅಷ್ಟೇನೂ ಭರವಸೆಯಿಲ್ಲ. ಶುಕ್ರವಾರ ರಾತ್ರಿ ನೆಲಮಂಗಲದ ಟ್ರಾಫಿಕ್ಕು, ನಿದ್ದೆಗೆಟ್ಟ ಎರಡು ದಿನ, ಸೋಮವಾರ ಅದೇ ಇನ್‌ಬಾಕ್ಸು. ವಾರದಿಂದ ಒಂದು ಭಾರವನ್ನು ಕಾಯಂ ಆಗಿ ಇಳಿಸುವುದು, ಅಂದರೆ ಒಂದು ರಾತ್ರಿ ಕಾಲ್, ಒಂದು ಟ್ಯೂಷನ್ ಡ್ರಾಪ್, ಒಂದು ಹೊತ್ತಿನ ಅಡುಗೆ, ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಕಾಯಬಾರದ ಸಂದರ್ಭ

ಸಾಯುವ ಮಾತು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಬೀಳ್ಕೊಡುವಂಥ ಮೆಸೇಜು, ಬಹಳ ದಿನದ ಸಂಕಟದ ನಂತರ ಕಾರಣವಿಲ್ಲದ ನೆಮ್ಮದಿ: ಇವು ಕಂಡರೆ ನೇರವಾಗಿ ಕೇಳಿ. ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಎಷ್ಟೋ ಜನರಿಗೆ ಕೇಳಿಸಿಕೊಂಡದ್ದೇ ದೊಡ್ಡ ಬಿಡುಗಡೆ. ಹೌದು ಎಂದರೆ ಬುದ್ಧಿ ಹೇಳಬೇಡಿ, ‘ಮಕ್ಕಳ ಮುಖ ನೋಡು’ ಎನ್ನಬೇಡಿ. ಒಂಟಿಯಾಗಿ ಬಿಡಬೇಡಿ, ಅಪಾಯದ ವಸ್ತುಗಳು ಕೈಗೆ ಸಿಗದಂತೆ ಮಾಡಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ ಅಥವಾ 112ಕ್ಕೆ ಕರೆ ಮಾಡಿ. ಪೊಲೀಸ್ ಕೇಸ್ ಆಗುತ್ತದೆಂದು ಹಿಂಜರಿಯುವವರಿದ್ದಾರೆ. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ.

ಇಷ್ಟು ತುರ್ತಿಲ್ಲದಿದ್ದರೂ ಮಾತಾಡಬೇಕು ಎನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ್ದು, ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸೇ. ‘ನಿನ್ನನ್ನ ನಿಮ್ಹಾನ್ಸಿಗೆ ಸೇರಿಸ್ಬೇಕು’ ಎಂಬುದು ಈ ಊರಿನಲ್ಲಿ ಬೈಗುಳ. ಅಲ್ಲಿನ ಹೊರರೋಗಿ ವಿಭಾಗದಲ್ಲಿ ಸಾಲಿನಲ್ಲಿ ಕೂತವರನ್ನು ಒಮ್ಮೆ ನೋಡಿದರೆ ಆ ಬೈಗುಳ ಬಾಯಿಗೆ ಬರಲಿಕ್ಕಿಲ್ಲ: ತಲೆನೋವಿನವರು, ನಿದ್ದೆ ಬಾರದವರು, ಫಿಟ್ಸ್ ಬರುವ ಮಗುವನ್ನು ಎತ್ತಿಕೊಂಡು ಬಂದ ತಾಯಂದಿರು.

ಮನೋವೈದ್ಯರು ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಖಿನ್ನತೆಯ ಮಾತ್ರೆಗಳು ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು, ಆದರೆ ವಾಕರಿಕೆಯಂಥ ತೊಂದರೆ ಮೊದಲ ವಾರದಲ್ಲೇ ಬರುತ್ತದೆ. ಬಹಳಷ್ಟು ಜನ ಬಿಟ್ಟುಬಿಡುವುದು ಆ ನಡುವಿನ ದಿನಗಳಲ್ಲಿ. ಬಿಡುವ ಮುಂಚೆ ಡಾಕ್ಟರಿಗೆ ಒಂದು ಫೋನು ಮಾಡಿ. ಪರಿಚಯದ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ನಿದ್ದೆ ಮಾತ್ರೆಯ ವಿಷಯವೇ ಬೇರೆ, ಅದು ಚಟವಾಗುತ್ತದೆ.

ಮೊದಲ ಭೇಟಿಗೆ ಆ ನೋಟ್‌ಬುಕ್ಕು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ರಕ್ತಪರೀಕ್ಷೆಯ ರಿಪೋರ್ಟು ಒಯ್ಯಿರಿ. ಮನೆಯವರು ಒಬ್ಬರು ಜೊತೆಗಿದ್ದರೆ ಒಳ್ಳೆಯದು, ಸ್ವಲ್ಪ ಹೊತ್ತು ಒಬ್ಬರೇ ಮಾತಾಡಬೇಕು ಎಂದರೆ ಅದನ್ನೂ ಕೇಳಬಹುದು. ಹೇಳಿದ್ದನ್ನು ಗುಟ್ಟಾಗಿಡುವುದು ಅದೇ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅವರ ಹೊಣೆ. ‘ಟೆನ್ಷನ್ ಡಾಕ್ಟ್ರೇ’ ಎಂದರೆ ಅವರಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ‘ಐದು ವಾರದಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗ್ತಿದೆ, ಮಗನ ಮೇಲೆ ಕಿರುಚ್ತೀನಿ, ಸಾಯಂಕಾಲ ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಅಲ್ಲೇ ಕೂತಿರ್ತೀನಿ’ ಎಂದರೆ ಗೊತ್ತಾಗುತ್ತದೆ.